ಪಾಕಿಸ್ತಾನದ ಹೊಲದಲ್ಲಿ ನಮ್ಮ ಸಂಸಾರ

ರಂಗಂಪೇಟೆಯ ಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ನೆರೆಯ ದೇಶಗಳ ಪಾಠ ಬಂದಾಗ ಮಕ್ಕಳು ಭಾರತ, ಪಾಕಿಸ್ತಾನದ ಯುದ್ಧಗಳನ್ನು, ಒಪ್ಪಂದಗಳನ್ನು ಇಸವಿ ಸಮೇತ ಗಡಗಡ ಒಪ್ಪಿಸುತ್ತಾರೆ. ನಾನು ಸರಿ ಎಂದು ತಲೆಯಾಡಿಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತೇನೆ. ಆ ಪಾಠ ಕಂಡರೆ ನನಗೆ ಸಿಟ್ಟು. ನನ್ನ ಬಾಲ್ಯ ಅದರೊಳಗೆ ಕಳೆಯಿತು, ನನ್ನ ಅವ್ವನ ಹರೆಯವೂ ಅದರೊಳಗೇ ಹೋಯಿತು. ಎರಡು ಸರ್ಕಾರಗಳ ಹಗೆತನದಿಂದ ಏನೇನು ಹಾಳಾಯಿತು ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ನನ್ನ ಅವ್ವನಿಗೆ ವರ್ಷಗಟ್ಟಲೆ ತವರಿಗೆ ಹೋಗಿ ಒಂದು ರಾತ್ರಿ ಮಲಗಿ ಬರಲು ಆಗಲಿಲ್ಲ ಎಂಬುದನ್ನು ಯಾರೂ ಬರೆದಿಲ್ಲ.

ನಮ್ಮ ಹಳ್ಳಿ ಶಹಾಪುರ ತಾಲೂಕಿನದು. ಅಲ್ಲಿ ಒಂದು ಹೊಲಕ್ಕೆ ‘ಪಾಕಿಸ್ತಾನ ಹೊಲ’ ಎಂದೇ ಹೆಸರು. ನಿಜಾಮನ ಆಳ್ವಿಕೆ ಮುಗಿದ ಗದ್ದಲದಲ್ಲಿ ಆ ಹೊಲದ ಒಡೆಯರು ಮನೆ ಮಂದಿಯನ್ನೆಲ್ಲ ಕಟ್ಟಿಕೊಂಡು ಕರಾಚಿಗೆ ಹೋದರು. ಹೋಗುವಾಗ ತಮ್ಮ ಆಳಾಗಿದ್ದ ನನ್ನ ಅಜ್ಜನಿಗೆ, "ನೋಡ್ಕೊಂತ ಇರು, ಬರ್ತೀವಿ" ಎಂದರಂತೆ. ಅಜ್ಜ ನೋಡಿಕೊಂಡ. ಅವರು ಬರಲಿಲ್ಲ. ಆಮೇಲೆ ಎರಡು ದೇಶಗಳ ನಡುವೆ ಯುದ್ಧವಾಗಿ, ಅಲ್ಲಿಗೆ ಹೋದವರ ಆಸ್ತಿಯೆಲ್ಲ ಇಲ್ಲಿ ‘ಶತ್ರು ಆಸ್ತಿ’ ಎಂದಾಯಿತು. ಅಂದರೆ ಹೊಲ ಅವರದೂ ಅಲ್ಲ, ನಮ್ಮದೂ ಅಲ್ಲ. ಸರ್ಕಾರದ ಸುಪರ್ದಿಯಲ್ಲಿ ಸುಮ್ಮನೆ ಬಿದ್ದಿರುವ ಮಣ್ಣು. ತಾಲೂಕು ಕಚೇರಿಯವರು ವರ್ಷ ವರ್ಷ, "ಈ ಸಲ ಬಿತ್ಕೋ ಹೋಗು" ಎನ್ನುತ್ತಿದ್ದರು, ಅಜ್ಜ ಬಿತ್ತುತ್ತಿದ್ದ. ಅಜ್ಜನ ನಂತರ ಅಪ್ಪ ಬಿತ್ತಿದ. ಮಳೆ ಬಂದರೆ ಜೋಳ, ತೊಗರಿ. ಬರದಿದ್ದರೆ ಅದೂ ಇಲ್ಲ. ಅಂಥ ಹೊಲಕ್ಕೆ ಯಾರು ಆಸೆಪಡುತ್ತಾರೆ?

ಆಮೇಲೆ ಕೃಷ್ಣೆಯ ಕಾಲುವೆ ಬಂತು. ಆಗ ನನಗೆ ಎಂಟೊಂಬತ್ತು ವರ್ಷ. ನಮ್ಮ ಹೊಲದ ತಲೆಯ ಮೇಲೆಯೇ ತೂಬು ಬಿತ್ತು. ಎರಡನೆಯ ವರ್ಷಕ್ಕೇ ಕರಿ ಮಣ್ಣಿನಲ್ಲಿ ನೆಲ್ಲು ತೂಗಾಡಿತು. ಆಂಧ್ರದ ಕಡೆಯಿಂದ ಬಂದವರು ಕ್ಯಾಂಪು ಹಾಕಿಕೊಂಡು ಸಿಕ್ಕ ಸಿಕ್ಕ ಹೊಲವನ್ನು ಗುತ್ತಿಗೆ ಹಿಡಿದರು. ಅಲ್ಲಿಯವರೆಗೂ ನಮ್ಮ ಕಡೆ ತಿರುಗಿಯೂ ನೋಡದವರು ಬದುವಿನ ಮೇಲೆ ನಿಂತು, "ಇದು ಯಾರದ್ದು?" ಎಂದು ಕೇಳತೊಡಗಿದರು. ಅಪ್ಪನ ನಿದ್ದೆ ಹಾರಿಹೋಯಿತು. ಪಕ್ಕದ ಹೊಲದ ಗೌಡರು ಒಂದೇ ರಾತ್ರಿಯಲ್ಲಿ ಬದು ಒಡೆದು ಉತ್ತುಬಿಡುತ್ತಾರೆ ಎಂದು ಅವನಿಗೆ ಗಟ್ಟಿಯಾಗಿ ಅನಿಸಿಬಿಟ್ಟಿತ್ತು. ಗೌಡರು ಹಾಗೆಂದು ಎಂದೂ ಹೇಳಿರಲಿಲ್ಲ. ಅವರು ಮೀಸೆ ತಿರುವಿದರೂ ಅಪ್ಪ ಅದನ್ನು ಹೊಲಕ್ಕೇ ಹಚ್ಚಿ ನೋಡುತ್ತಿದ್ದ.

ನಮ್ಮ ಅವ್ವನಿಗೆ ಗ್ರಹಚಾರ ವಕ್ಕರಿಸಿದ್ದು ಆ ಕಚೇರಿಯ ಒಬ್ಬ ಗುಮಾಸ್ತನ ಬಾಯಿಂದ. ಹೊಲ ನೋಡಲು ಬಂದವನು ಬೇವಿನ ನೆರಳಿನಲ್ಲಿ ಕೂತು, ಅವ್ವ ಮಾಡಿಕೊಟ್ಟ ಚಹಾ ಹೀರುತ್ತ ಅಪ್ಪನಿಗೆ ಬುದ್ಧಿ ಹೇಳಿದ.

"ಗಂಡಸು ಒಬ್ಬನೇ ಹೊಲದಾಗ ಮಲಗಿದ್ರ ಅಂವ ಕಾವಲುಗಾರ. ಹೆಣ್ಮಗಳು ರಾತ್ರಿ ಅಲ್ಲೇ ಮಲಗಿದ್ರ ಅದು ಸಂಸಾರ. ಸಂಸಾರ ಇದ್ದಲ್ಲಿ ಕಬ್ಜಾ ಬಿಡಸಾದು ಅಷ್ಟು ಸಸಾರಲ್ಲ ನೋಡಪಾ."

ಚಹಾದ ಋಣಕ್ಕೆ ಹೇಳಿದ ಮಾತು ಅದು. ಲೋಟ ಕೆಳಗಿಡುವ ಹೊತ್ತಿಗೆ ಅವನು ಮರೆತಿರಬೇಕು. ಅಪ್ಪ ಮಾತ್ರ ಅದನ್ನು ಕಾನೂನು ಎಂದು ಹಿಡಿದ. ಆ ವಾರವೇ ಊರ ಮನೆಗೆ ಬೀಗ ಹಾಕಿ, ನಾವು ಮೂವರೂ ಹೊಲದಲ್ಲಿ ತಗಡಿನ ಗುಡಿಸಲು ಹಾಕಿಕೊಂಡು ನಿಂತೆವು. ಅಪ್ಪನ ಕಟ್ಟಳೆ ಒಂದೇ: ಹಗಲು ಯಾರು ಎಲ್ಲಿಗಾದರೂ ಹೋಗಲಿ, ಹೊತ್ತು ಮುಳುಗುವುದರೊಳಗೆ ಅವ್ವ ಗುಡಿಸಲಿನಲ್ಲಿರಬೇಕು. ಅಪ್ಪನೇ ಎಷ್ಟೋ ರಾತ್ರಿ ಕಲಬುರಗಿಯ ವಕೀಲರ ಜಗುಲಿಯ ಮೇಲೆ ಮಲಗಿ ಬರುತ್ತಿದ್ದ. ಅವನಿಗೆ ರಿಯಾಯಿತಿ ಇತ್ತು, ಅವನು ಸಂಸಾರವಲ್ಲ.

ಅವ್ವನ ತವರು ಗುರುಮಠಕಲ್. ನಮ್ಮಲ್ಲಿಂದ ಶಹಾಪುರ, ಶಹಾಪುರದಿಂದ ಯಾದಗಿರಿ, ಯಾದಗಿರಿಯಿಂದ ಗುರುಮಠಕಲ್ ಎಂದು ಬಸ್ಸು ಬದಲಿಸುತ್ತ ಹೋದರೆ ಮಧ್ಯಾಹ್ನವಾಗುತ್ತಿತ್ತು. ಅಲ್ಲಿ ಅಮ್ಮಮ್ಮ ಒಬ್ಬಳೇ ಕಣ್ಣು ಮಂಜಾಗಿ ಕೂತಿರುತ್ತಿದ್ದಳು. ಮಗಳು ಬಂದಳೆಂದು ಆಕೆ ಒಲೆ ಹೊತ್ತಿಸುವಷ್ಟರಲ್ಲಿ ಅವ್ವ ಎದ್ದು ನಿಲ್ಲಬೇಕು, ಇಲ್ಲದಿದ್ದರೆ ವಾಪಸ್ಸಿನ ಬಸ್ಸು ತಪ್ಪುತ್ತದೆ. ಊಟ ಮಾಡಿದರೆ ಮಾತಿಲ್ಲ, ಮಾತಾಡಿದರೆ ಊಟವಿಲ್ಲ. ಅಮ್ಮಮ್ಮನಿಗೆ ತೆಲುಗು ಬಿಟ್ಟು ಬೇರೆ ಬಾರದು. "ಎಪ್ಪುಡು ಪೋತಾವೇ?" ಎಂಬುದೇ ಬಾಗಿಲಲ್ಲಿ ಆಕೆಯ ಮೊದಲ ಮಾತು. ಬಂದ ಮಗಳನ್ನು "ಯಾವಾಗ ಹೋಗ್ತಿ?" ಎಂದು ಕೇಳಿಯೇ ಒಳಗೆ ಕರೆಯುವ ತಾಯಿಯನ್ನು ನಾನು ಅಲ್ಲಿ ಮಾತ್ರ ನೋಡಿದ್ದು. ಅವ್ವನ ಆಸೆ ಒಂದೇ ಒಂದಿತ್ತು. ಅಲ್ಲಿ ಒಂದು ರಾತ್ರಿ, ತಾಯಿಯ ಮಗ್ಗುಲಿಗೆ ಮಲಗಬೇಕು. ಅದನ್ನು ಆಕೆ ಅಪ್ಪನ ಮುಂದೆ ಪ್ರತಿ ವರ್ಷ ಹೇಳುತ್ತಿದ್ದಳು, ಅಪ್ಪ ಪ್ರತಿ ವರ್ಷ, "ಈ ಸಲ ಬ್ಯಾಡ, ಅಲ್ಲಿ ಸುದ್ದಿ ಚೊಲೋ ಇಲ್ಲ" ಎನ್ನುತ್ತಿದ್ದ.

‘ಅಲ್ಲಿ’ ಎಂದರೆ ಪಾಕಿಸ್ತಾನದಲ್ಲಿ. ಅಪ್ಪನಿಗೆ ಅಕ್ಷರ ಬಾರದು, ಆದರೆ ಉರ್ದು ಕೇಳಿದರೆ ತಿಳಿಯುತ್ತಿತ್ತು. ಒಂದು ರೇಡಿಯೊ ಇಟ್ಟುಕೊಂಡು ಬೆಳಿಗ್ಗೆ ಸಂಜೆ ಗಡಿಯಾಚೆಯ ಸುದ್ದಿ ಕೇಳುತ್ತಿದ್ದ. ಅಲ್ಲಿ ನಡೆದುದೆಲ್ಲ ನಮ್ಮ ಹೊಲದ ಸಲುವಾಗಿಯೇ ನಡೆದಿದೆ ಎಂದು ಅವನ ನಂಬಿಕೆ. ಅಲ್ಲಿಯ ಜನರಲ್ ವಿಮಾನ ಬಿದ್ದು ಸತ್ತಾಗ, ಮುಂದೆ ಬರುವವರು ನಮ್ಮ ದೇಶದ ಜೊತೆ ರಾಜಿಯಾದರೆ ಏನು ಗತಿ ಎಂದು ಎರಡು ದಿನ ಊಟ ಬಿಟ್ಟ. ರಾಜಿಯಾದರೆ ಒಡೆಯರು ತಿರುಗಿ ಬರುತ್ತಾರಲ್ಲ! ಜಗಳವಾದರೆ ಇನ್ನೊಂದು ಪೀಕಲಾಟ. ಕಚೇರಿಯವರಿಗೆ ತಟ್ಟನೆ ಶತ್ರುವಿನ ಆಸ್ತಿ ನೆನಪಾಗಿ, ಜೀಪಿನಲ್ಲಿ ಬಂದು ಹೊಲ ಅಳೆದು, ಇಲ್ಲಿ ನೀವ್ಯಾರು ಎಂದು ಹೊಸದಾಗಿ ಕೇಳುತ್ತಿದ್ದರು. ಅಲ್ಲಿ ಬೆಳೆ ಚೆನ್ನಾಗಿ ಬಂತು ಎಂದರೆ ಒಡೆಯರಿಗೆ ವಕೀಲರನ್ನು ಇಡಲು ತಾಕತ್ತು ಬಂತು ಎಂದರ್ಥ. ಅಲ್ಲಿ ಹಣಕಾಸು ಕೆಟ್ಟಿತು ಎಂದರೆ, "ಕೈ ಖಾಲಿ ಆದ್ರ ಬಿಟ್ಟು ಹೋದ ಹೊಲ ನೆನಪಾಗ್ತದ" ಎಂದರ್ಥ. ಎರಡು ದೇಶಗಳು ಕೂಡಿದರೂ ಭಯ, ಕಚ್ಚಾಡಿದರೂ ಭಯ. ಅಲ್ಲಿಯವರು ಉದ್ಧಾರವಾದರೂ ಭಯ, ದಿವಾಳಿಯಾದರೂ ಭಯ. ನನಗೆ ಆ ರೇಡಿಯೊವನ್ನು ಕಾಲುವೆಗೆ ಒಗೆದುಬಿಡಬೇಕು ಅನಿಸುತ್ತಿತ್ತು.

ಒಮ್ಮೆ ಅಪ್ಪ ಸಂಭ್ರಮದಿಂದ ಬಂದು, ಆ ದೇಶಕ್ಕೆ ಹೆಣ್ಣುಮಗಳೊಬ್ಬಳು ಪ್ರಧಾನಿಯಾದಳು ಎಂದ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಕೇಳಿದಳು:

"ಆಕಿ ತವರಿಗಿ ಹೋಗ್ತಾಳೇನ್ರಿ?"

"ಆಕಿಗಿ ರಾಜ್ಯ ಬಂದದ್ದೇ ತವರಿನಿಂದ," ಎಂದು ಅಪ್ಪ ನಕ್ಕ. ಅವ್ವ ನಗಲಿಲ್ಲ. ರೊಟ್ಟಿ ಹಂಚಿಗೆ ಹಾಕಿ, ಅದು ಹೊತ್ತುವವರೆಗೂ ತಿರುವಲಿಲ್ಲ.

ಇನ್ನೊಂದು ಸಲ ಅಪ್ಪ, ಅಷ್ಟು ಲಡಾಯಿ ಮಾಡಿದರೂ ಆ ಎರಡು ದೇಶಗಳು ನದಿ ನೀರು ಹಂಚಿಕೊಂಡಿವೆ, ಯುದ್ಧ ನಡೆದಾಗಲೂ ನೀರು ನಿಲ್ಲಿಸಲಿಲ್ಲ ಎಂದು ಹೇಳಿದ. "ನಮ್ಮ ಕಾಲವಿ ಮ್ಯಾಲಿನವ್ರು ಕೆಳಗಿನವ್ರಿಗಿ ಒಂದು ದಿನ ನೀರು ಬಿಡಂಗಿಲ್ಲ" ಎಂದು ನಿಟ್ಟುಸಿರಿಟ್ಟ. ಅಷ್ಟು ತಿಳಿದವನಿಗೆ ಹೆಂಡತಿಯನ್ನು ಒಂದು ರಾತ್ರಿ ತವರಿಗೆ ಬಿಡಬಹುದು ಎಂದು ಹೊಳೆಯಲಿಲ್ಲವಲ್ಲ ಎಂದು ನಾನು ಈಗಲೂ ಹಲ್ಲು ಕಡಿಯುತ್ತೇನೆ.

ನನ್ನ ಪಾಡು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಶಾಲೆಗೆ, ಮುಂದೆ ಕಾಲೇಜಿಗೆ, ಶಹಾಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಸಂಜೆ ನಮ್ಮ ಹೊಲದ ದಾರಿ ಬಂದರೆ ಕಂಡಕ್ಟರ್ ಸೀಟಿ ಊದಿ, "ಯಾರ್ರೀ ಪಾಕಿಸ್ತಾನ, ಇಳೀರಿ!" ಎಂದು ಕೂಗುತ್ತಿದ್ದ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಕ್ರಿಕೆಟ್ ಇದ್ದ ದಿನ ನಾನು ಇಳಿಯುವಾಗ ಸ್ಕೋರು ಕೇಳುವವರೂ ಇದ್ದರು. ನಾನೂ ತಿರುಗಿ, "ವೀಸಾ ತಗೊಂಡು ಬರ್ರಿ, ಹೇಳ್ತೀನಿ" ಎನ್ನುತ್ತಿದ್ದೆ. ಆದರೆ ಬಸ್ಸು ಮುಂದೆ ಹೋದ ಮೇಲೆ, ಬದುವಿನ ತುದಿಯಲ್ಲಿ ಸೂರ್ಯನನ್ನೂ ರಸ್ತೆಯನ್ನೂ ನೋಡುತ್ತ ನಿಂತ ಅವ್ವ ಕಾಣುತ್ತಿದ್ದಳು. ಆಗ ನನ್ನ ನಗು ಇಳಿದುಹೋಗುತ್ತಿತ್ತು. ಸುತ್ತ ಬೇಲಿ ಇರಲಿಲ್ಲ, ಬಾಗಿಲಿಗೆ ಬೀಗ ಇರಲಿಲ್ಲ, ಕಾಲುವೆ ದಂಡೆಯ ಮೇಲೆ ಯಾವ ಕಡೆಗೆ ಬೇಕಾದರೂ ನಡೆದು ಹೋಗಬಹುದಾಗಿತ್ತು. ಆದರೂ ಆಕೆ ಜೈಲಿನಲ್ಲಿದ್ದಳು.

ನಾನು ಕಾಲೇಜಿನಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಎರಡೂ ದೇಶಗಳು ಒಬ್ಬರ ಹಿಂದೆ ಒಬ್ಬರು ಅಣುಬಾಂಬು ಸಿಡಿಸಿದವು. ಅಪ್ಪ ಹೊಲ ಬಿಟ್ಟು ಕದಲಲಿಲ್ಲ. ಮುಂದಿನ ಚಳಿಗಾಲ ಕಳೆಯುವುದರೊಳಗೆ ಅವೇ ಎರಡು ದೇಶಗಳು ಕೈ ಕುಲುಕಿ ಗಡಿಯ ಮೇಲೆ ಬಸ್ಸು ಓಡಿಸಿದವು. ಬರುವ ಬೇಸಿಗೆಗೆ ಮತ್ತೆ ಗುಂಡು ಹಾರಿದವು, ಆ ಮಾತು ಬೇರೆ. ಬಸ್ಸು ಓಡಿದ ಆ ದಿನಗಳಲ್ಲಿಯೇ, ಬಳೆ ಮಾರಲು ಹೊಲದ ಕಡೆ ಬರುತ್ತಿದ್ದ ಮುದುಕಿ ಅವ್ವನ ಕೈಗೆ ಬಳೆ ತೊಡಿಸುತ್ತ ಸುದ್ದಿ ಹೇಳಿದಳು. ಒಡೆಯರ ಮಗ ಕರಾಚಿಯಿಂದ ಬಂದು ಶಹಾಪುರದಲ್ಲಿ ತಮ್ಮ ಸಂಬಂಧಿಕರ ಮನೆಯಲ್ಲಿ ಇಳಿದಿದ್ದಾರೆ, ಹೊಲದಲ್ಲಿರುವವರನ್ನು ಒಮ್ಮೆ ನೋಡಬೇಕು ಎನ್ನುತ್ತಿದ್ದಾರೆ. ಅವರೇ ಇಲ್ಲಿಗೆ ಬರುವಂತಿಲ್ಲ, ಯಾಕೆಂದರೆ ಅವರ ವೀಸಾ ಶಹಾಪುರಕ್ಕೆ ಮಾತ್ರ. ಪಟ್ಟಣ ದಾಟಿದರೆ ಪೊಲೀಸರು ಹಿಡಿಯುತ್ತಾರೆ.

ಅಪ್ಪನ ಮುಖ ಬೂದಿಯಾಯಿತು. ತಾನು ಹೋದರೆ ಬೆನ್ನ ಹಿಂದೆ ಗೌಡರು ಏನು ಮಾಡುತ್ತಾರೋ, ಶತ್ರುವಿನ ಜೊತೆ ಮಾತಾಡಿದ ಎಂದು ಯಾರು ಎಲ್ಲಿ ಹೇಳುತ್ತಾರೋ. ಹೋಗದಿದ್ದರೆ ಆ ಮನುಷ್ಯನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದಿಲ್ಲ. ಕೊನೆಗೆ ಅವ್ವನನ್ನೂ ನನ್ನನ್ನೂ ಕಳಿಸಿದ.

"ಹೊಲ ಕೇಳ್ತಾನೋ ಏನು, ಅಷ್ಟ ತಿಳ್ಕೊಂಡು ಬರ್ರಿ. ಹೊತ್ತು ಮುಳುಗೂದ್ರೊಳಗ," ಎಂದು ಅವ್ವನ ಕಡೆ ಬೆರಳು ತೋರಿಸಿದ.

ಶಹಾಪುರದ ಆ ಸಂಬಂಧಿಕರ ಹಳೆಯ ಮನೆಯ ಪಡಸಾಲೆಯಲ್ಲಿ ಒಡೆಯರ ಮಗ, ಸಾಹೇಬರು, ಮಂಚದ ಮೇಲೆ ಕೂತಿದ್ದರು. ತುಂಬ ವಯಸ್ಸಾಗಿತ್ತು. ನಾನು ಒಬ್ಬ ರಾಕ್ಷಸನನ್ನು ಎಣಿಸಿಕೊಂಡು ಹೋಗಿದ್ದೆ. ಅವರು ನಮ್ಮ ಕಡೆಯ ಕನ್ನಡವನ್ನು ನನಗಿಂತ ಚೆನ್ನಾಗಿ ಮಾತಾಡಿದರು.

"ಬಾ ಬೇಟಿ, ಕೂಡು. ಈ ಸಲ ಜ್ವಾಳ ಹ್ಯಾಂಗದ?"

"ಜ್ವಾಳ ಎಲ್ಲೀದ್ರಿ ಸಾಹೇಬ್ರ," ಎಂದಳು ಅವ್ವ, ನಿಂತೇ. "ಕಾಲವಿ ಬಂದ ಮ್ಯಾಲೆ ನೆಲ್ಲು ಹಾಕ್ತೀವಿ."

"ಆ ಹೊಲದಾಗ ನೆಲ್ಲು!" ಸಾಹೇಬರು ಮಗುವಿನ ಹಾಗೆ ನಕ್ಕರು. ಕುಡಿಯುವ ನೀರಿಗೂ ಮೈಲಿಗಟ್ಟಲೆ ನಡೆಯುತ್ತಿದ್ದೆವು ಎಂದರು. ಅವ್ವನಿಗೆ ನಗುವ ಪುರಸೊತ್ತು ಇರಲಿಲ್ಲ. ಬಾಗಿಲಾಚೆಯ ಬಿಸಿಲನ್ನು ನೋಡಿ ನೇರವಾಗಿ ಕೇಳಿಯೇಬಿಟ್ಟಳು.

"ನೀವು ಹೊಲ ಕೇಳಾಕ ಬಂದೀರೇನ್ರಿ?"

"ಕೇಳಿದ್ರ ಕೊಡೋರು ಯಾರು? ಇಲ್ಲಿ ಸರ್ಕಾರಕ್ಕ ನಾ ದುಷ್ಮನ್. ನಿಮಗೇ ಕೊಟ್ಟುಬಿಡ್ತೀನಿ ಅಂದ್ರೂ ನನ್ನ ಮಾತು ನಡಿಯಂಗಿಲ್ಲ. ಒಮ್ಮಿ ನೋಡಿ ಹೋಗ್ಬೇಕಂದ್ರ ಅದಕ್ಕೂ ಪರವಾನಗಿ ಇಲ್ಲ."

ಅವ್ವ ಆಗ ಕೂತಳು. ಸಾಹೇಬರು ತಾವಾಗಿಯೇ ಮಾತು ಮುಂದುವರಿಸಿದರು. ಕರಾಚಿಯಲ್ಲಿ ಅವರಿಗೆ ಸರ್ಕಾರ ಒಂದು ಮನೆ ಕೊಟ್ಟಿತ್ತಂತೆ. ಅದು ಇತ್ತ ಓಡಿಬಂದ ಹಿಂದೂಗಳು ಬಿಟ್ಟು ಬಂದ ಮನೆ.

"ನಮ್ಮ ಅಮ್ಮಾಗ ಒಂದ ಹೆದರಿಕಿ. ಮನಿಯವ್ರು ತಿರುಗಿ ಬಂದ್ರ? ಖಾಲಿ ಬಿಟ್ರ ಇನ್ನೊಬ್ರು ಹೊಕ್ಕಂಡ್ರ? ಲಗ್ನಕ್ಕ ಹೋಗಲಿಲ್ಲ, ಮಣ್ಣಿಗಿ ಹೋಗಲಿಲ್ಲ. ಆಕಿ ತಂಗಿ ಲಾಹೋರದಾಗ ಸತ್ರೂ ಹೋಗಲಿಲ್ಲ. ಒಂದು ರಾತ್ರಿ ಮನಿ ಬಿಟ್ಟಿರಲಿಲ್ಲ."

ಅವ್ವ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಆಮ್ಯಾಲ ಬಂದ್ರೇನ್ರಿ ಅವರು?"

"ಯಾರು?"

"ಮನಿ ಮಾಲಕರು."

"ಎಲ್ಲಿ ಬರ್ತಾರ ಬೇಟಿ," ಎಂದರು ಸಾಹೇಬರು. "ಅವರಿಗೂ ವೀಸಾ ಬೇಕಲ್ಲ. ಅಮ್ಮಾ ಅದ ಮನಿಯಾಗ ಸತ್ತುಹೋದ್ಳು."

ಹೊರಗೆ ಬಂದಾಗ ಇನ್ನೂ ಹೊತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಊರಿನ ಬಸ್ಸು ನಿಂತಿತ್ತು. ಅವ್ವ ಅದರ ಹತ್ತಿರ ಹೋಗಿ ಕಂಡಕ್ಟರನಿಗೆ, "ನಮ್ಮ ಮನಿಯವ್ರಿಗಿ ಹೇಳ್ರಿ, ನಾವು ನಾಳಿಗಿ ಬರ್ತೀವಂತ" ಎಂದಳು. ತಿರುಗಿ ಬಂದು ಯಾದಗಿರಿ ಬಸ್ಸಿನ ಮೆಟ್ಟಿಲು ಹತ್ತಿ, ನನ್ನ ಕಡೆ ನೋಡದೆ, "ಹತ್ತು" ಎಂದಳು. ನಾನು ತಕರಾರು ಮಾಡಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಭೀಮಾ ಸೇತುವೆ ದಾಟುವಾಗ ಅವ್ವ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಯಾರೋ ಹಿಂದಿನಿಂದ ಎಳೆದುಬಿಡುತ್ತಾರೆ ಎಂದು ಹೆದರಿದವಳ ಹಾಗೆ.

ಗುರುಮಠಕಲ್ ಮುಟ್ಟುವಾಗ ದೀಪ ಹಚ್ಚಿದ್ದರು. ಅಮ್ಮಮ್ಮ ಎಂದಿನಂತೆ, "ಎಪ್ಪುಡು ಪೋತಾವೇ?" ಎಂದಳು. ಅವ್ವ ತೆಲುಗಿನಲ್ಲೇ, ಇವತ್ತು ರಾತ್ರಿ ಇಲ್ಲೇ ಮಲಗುತ್ತೇನೆ ಎಂದಳು. ಮುದುಕಿ ನಂಬಲಿಲ್ಲ. ಮಗಳ ಚೀಲವನ್ನು ಕಸಿದುಕೊಂಡು ತನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡಳು. ಬೆಳಿಗ್ಗೆ ನಾನು ಎದ್ದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಅವ್ವ ಇನ್ನೂ ತಾಯಿಯ ಬೆನ್ನಿಗೆ ಒತ್ತಿಕೊಂಡು ನಿದ್ದೆ ಮಾಡುತ್ತಿದ್ದಳು, ಬಾಯಿ ತೆರೆದಿತ್ತು. ಹಗಲಿನಲ್ಲಿ ಆಕೆ ಮಲಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಎಬ್ಬಿಸಬಾರದೆಂದು ಅಮ್ಮಮ್ಮ ನನಗೆ ಕೈಸನ್ನೆ ಮಾಡಿದಳು.

ಎದ್ದ ಮೇಲೆ ಮಾತ್ರ ಅವ್ವನಿಗೆ ಜೀವದಲ್ಲಿ ಜೀವವಿರಲಿಲ್ಲ. ಉಂಡು ಬಸ್ಸು ಹತ್ತಿದಾಗಿನಿಂದ, ಹೊಲ ಹೋಯಿತು, ಗೌಡರು ಉತ್ತಿರುತ್ತಾರೆ, ನಿಮ್ಮಪ್ಪ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ ಎಂದು ಒಂದೇ ಸಮ. ಮಧ್ಯಾಹ್ನ ಇಳಿಹೊತ್ತಿಗೆ ನಮ್ಮ ದಾರಿಯಲ್ಲಿ ಇಳಿದಾಗ ಆಕೆಯ ಕಾಲುಗಳು ಓಡುತ್ತಿದ್ದವು. ಗುಡಿಸಲಿನ ಬಾಗಿಲು ಹಾರು ಹೊಡೆದಿತ್ತು. ಒಳಗೆ ಅಪ್ಪ ಇರಲಿಲ್ಲ, ಹೊಲದಲ್ಲಿ ಇರಲಿಲ್ಲ, ಕರೆದರೆ ಓಗೊಡಲಿಲ್ಲ. ಅಷ್ಟೂ ವರ್ಷಗಳಲ್ಲಿ ಮೊದಲ ಸಲ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಬದುವಿನ ಮೇಲೆ ಗೌಡರು ಬರುತ್ತಿದ್ದರು. ಅವ್ವ ನನ್ನ ಮುಂಗೈ ಹಿಡಿದಳು, ಬಳೆ ಚುಚ್ಚುವ ಹಾಗೆ.

"ಬಂದಿರೇನವ್ವಾ?" ಎಂದರು ಗೌಡರು. "ನಿಮ್ಮ ಮನಿಯವ್ರು ನಸುಕಿನ್ಯಾಗ ನಿಮ್ಮನ್ನ ಹುಡುಕ್ಕೊಂತ ಶಹಾಪುರಕ್ಕ ಹೋಗ್ಯಾರ. ನಿಮ್ಮ ಎಮ್ಮಿ ಹಗ್ಗ ಹರ್ಕೊಂಡು ಕಾಲವಿ ಕಡಿ ಹೊಂಟಿತ್ತು, ನಮ್ಮ ಆಳಿಗಿ ಹೇಳಿ ಕಟ್ಟಿಸೀನಿ. ನೀರೂ ಕುಡಿಸ್ಯಾನ."

ಅಷ್ಟು ಹೇಳಿ ತಮ್ಮ ದಾರಿ ಹಿಡಿದು ಹೋದರು.

ಕಂಡಕ್ಟರ್ ಅವ್ವನ ಮಾತು ಹೇಳಲು ಮರೆತಿದ್ದ ಎಂದು ನನಗೆ ಆಗ ತಿಳಿಯಿತು. ತಿಳಿದು ನಗು ಬಂತು. "ನೋಡಬೇ ಅವ್ವ, ಏನೂ ಆಗಿಲ್ಲ! ಯಾರೂ ಇರಲಿಲ್ಲ, ಆದ್ರೂ ಹೊಲ ಇಲ್ಲೇ ಅದ!" ಎಂದು ಚಪ್ಪಾಳೆ ತಟ್ಟಿದೆ. ಅವ್ವ ನನ್ನ ಕಡೆ ನೋಡಲೂ ಇಲ್ಲ. ನೆಟ್ಟಗೆ ನಡೆದು ಹೊಲದ ನಾಲ್ಕೂ ಮೂಲೆಗೆ ಹೋಗಿ ಬಂದಳು. ಗಡಿಗಲ್ಲುಗಳು ಇದ್ದಲ್ಲೇ ಇದ್ದವು, ಬದು ಹಾಗೆಯೇ ಇತ್ತು, ನೆಲ್ಲಿನ ಒಂದು ದಂಟೂ ಮುರಿದಿರಲಿಲ್ಲ. ತಿರುಗಿ ಬಂದು ಹೊಸ್ತಿಲ ಮೇಲೆ ಕೂತು ಅಳತೊಡಗಿದಳು. ಅಮ್ಮಮ್ಮನನ್ನು ಬಿಟ್ಟು ಬರುವಾಗಲೂ ಆಕೆ ಹಾಗೆ ಅತ್ತಿರಲಿಲ್ಲ. ನಾನು ನೀರು ಕೊಟ್ಟೆ, ಕುಡಿಯಲಿಲ್ಲ.

ಸಂಜೆಯ ಬಸ್ಸಿಗೆ ಅಪ್ಪ ಬಂದ. ನಮ್ಮನ್ನು ಕಂಡು, ಹೊಲವನ್ನು ಕಂಡು, ಅಲ್ಲೇ ಬದುವಿನ ಮೇಲೆ ಕುಸಿದು ಕೂತ. ಎಲ್ಲಿಗೆ ಹೋಗಿದ್ದಿರಿ ಎಂದು ಅವನು ಕೇಳಲಿಲ್ಲ. ಮೊದಲು ಕೇಳಿದ್ದು ಇದನ್ನೇ:

"ಯಾರರ ಬಂದಿದ್ರೇನು?"

"ಯಾರೂ ಬಂದಿಲ್ಲ," ಎಂದಳು ಅವ್ವ. "ಯಾರರ ಬಂದಿದ್ರ ಚೊಲೋ ಇತ್ತು. ಇಷ್ಟು ವರ್ಷ ಯಾರ ಸಲುವಾಗಿ ನಾ ಇಲ್ಲಿ ಮಲಗಿದ್ದೆ ಅಂತಾದ್ರೂ ತಿಳಿತಿತ್ತು."